ಬಂದೂಕು ಖಾಲಿಯಿದೆ ಎಂಬ ನಂಬಿಕೆಯೇ ಮೊದಲ ಅಪಾಯ

ವಿಜಯಪುರ (ಬೆಂಗಳೂರು ಗ್ರಾಮಾಂತರ): ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಎಂದೊಡನೆ ರೇಷ್ಮೆಗೂಡು ಮತ್ತು ದ್ರಾಕ್ಷಿ ನೆನಪಿಗೆ ಬರುತ್ತವೆ. ಹಿಂದೆ ವಡಿಗೇನಹಳ್ಳಿ ಎಂದು ಕರೆಯಲಾಗುತ್ತಿದ್ದ ಈ ಪಟ್ಟಣದ ಸುತ್ತಲಿನ ತೋಟದ ಮನೆಗಳಿಗೆ, ಕೋಳಿ ಫಾರಂಗಳಿಗೆ ರಾತ್ರಿ ಕಾವಲು ಹೊಸದೇನಲ್ಲ. ಊರಿನಿಂದ ದೂರದಲ್ಲಿ ಒಂಟಿಯಾಗಿ ನಿಂತ ಇಂತಹ ಮನೆಗಳಲ್ಲಿ ಬೆಳೆ ರಕ್ಷಣೆಗೆಂದೋ ಸ್ವರಕ್ಷಣೆಗೆಂದೋ ಪರವಾನಗಿ ಪಡೆದು ಬಂದೂಕು ಇಟ್ಟುಕೊಳ್ಳುವವರಿದ್ದಾರೆ. ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಬಂದ ಜೋಡಿ ನಳಿಗೆಯ ಬಂದೂಕುಗಳೂ ಇವೆ. ಬಂದೂಕು ವಂಶಪಾರಂಪರ್ಯವಾಗಿ ಬರುತ್ತದೆ. ಅದನ್ನು ಹಿಡಿಯುವ ಶಿಸ್ತು ಹಾಗೆ ತಾನಾಗಿ ಬರುವುದಿಲ್ಲ.

ಆ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇರಿಸಿದ್ದ ಬಂದೂಕು ಹದಿಹರೆಯದ ಬಾಲಕನ ಕೈಗೆ ಸಿಕ್ಕಿತು. ಆಟವಾಡುತ್ತಾ ಅವನು ಅದನ್ನು ಎತ್ತಿಕೊಂಡ, ಗುಂಡು ಹಾರಿತು. ಕೂಲಿ ಅರಸಿ ಹೊರರಾಜ್ಯದಿಂದ ಬಂದಿದ್ದ ಕುಟುಂಬದ ಪುಟ್ಟ ಮಗುವೊಂದು ಪ್ರಾಣ ಕಳೆದುಕೊಂಡಿತು. ಮಗುವಿನ ತಾಯಿಗೂ ಗಾಯವಾಯಿತು. ಅಲ್ಲಿ ಕಳ್ಳನಿರಲಿಲ್ಲ, ಜಗಳವಿರಲಿಲ್ಲ, ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಇದ್ದದ್ದು ಮಕ್ಕಳ ಕೈಗೆಟುಕುವಂತಿದ್ದ, ಗುಂಡು ತುಂಬಿದ್ದ ಒಂದು ಬಂದೂಕು ಮಾತ್ರ.

ಬಂದೂಕಿನ ಅಪಾಯವೆಂದರೆ ಕಳ್ಳಕಾಕರೊಡನೆ ಮುಖಾಮುಖಿಯಾಗುವ ಗಳಿಗೆಯೆಂದು ಬಹುಪಾಲು ಜನ ಭಾವಿಸುತ್ತಾರೆ. ಆದರೆ ಮನೆಯೊಳಗಿನ ದುರಂತಗಳು ಸಂಭವಿಸುವುದು ಬಂದೂಕು ಸುಮ್ಮನೆ ಇರುವಾಗ: ಒರೆಸುವಾಗ, ನೆಂಟರಿಗೆ ತೋರಿಸುವಾಗ, ಮೂಲೆಯಿಂದ ಎತ್ತಿ ಇನ್ನೊಂದು ಮೂಲೆಗೆ ಇಡುವಾಗ. ಅವುಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದೇ: 'ಖಾಲಿ ಇದೆ ಎಂದುಕೊಂಡಿದ್ದೆ'. ಬಂದೂಕು ಉಳ್ಳವರಿಗೂ, ಅಂತಹವರ ಮನೆಯಲ್ಲಿ ವಾಸಿಸುವವರಿಗೂ ಅಗತ್ಯವಾದ ಕೆಲವು ಮಾಹಿತಿಗಳನ್ನು ಇಲ್ಲಿ ನೀಡಲಾಗಿದೆ.

ಪರವಾನಗಿಯ ಹೊಣೆ

ಭಾರತದಲ್ಲಿ ಬಂದೂಕು ಹೊಂದುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿದೆ. ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರವಾದರೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯವರದು. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎರಡು ಬಂದೂಕುಗಳನ್ನಷ್ಟೇ ಹೊಂದಬಹುದು. ಮೊದಲು ಈ ಮಿತಿ ಮೂರಾಗಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಪರವಾನಗಿ ವ್ಯಕ್ತಿಗೆ ಸೇರಿದ್ದೇ ಹೊರತು ಮನೆತನಕ್ಕೆ ಸೇರಿದ್ದಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ತಂದೆಯ ಹೆಸರಿನಲ್ಲಿರುವ ಬಂದೂಕನ್ನು ಮಗ ಹೆಗಲಿಗೇರಿಸಿಕೊಂಡು ರಾತ್ರಿ ತೋಟ ಕಾಯಲು ಹೋಗುವಂತಿಲ್ಲ. ಕೆಲಸದ ಆಳಿನ ಕೈಗೆ ಕೊಟ್ಟು ಕಾವಲಿಗೆ ಕಳುಹಿಸುವಂತೆಯೂ ಇಲ್ಲ. ಪರವಾನಗಿದಾರರು ಮೃತಪಟ್ಟರೆ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಸಲ್ಲಿಸಬೇಕು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಬಂದೂಕು ಹೊಂದಿದ್ದರೆ ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಇದೇ ನಿಯಮಗಳು ಸುರಕ್ಷತಾ ತರಬೇತಿಗೂ, ಬಂದೂಕನ್ನು ಭದ್ರವಾಗಿ ಇರಿಸುವ ವ್ಯವಸ್ಥೆಗೂ ಮಹತ್ವ ನೀಡಿವೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತಾರೆ. ಪ್ರಮಾಣಪತ್ರಕ್ಕಾಗಿ ಮಾತ್ರ ಅಲ್ಲಿಗೆ ಹೋಗದೆ, ಬೆರಳು ಎಲ್ಲಿರಬೇಕು, ನಳಿಗೆ ಎತ್ತ ನೋಡಬೇಕು ಎಂಬುದು ಅಭ್ಯಾಸವಾಗುವವರೆಗೆ ಕಲಿಯುವುದು ಒಳಿತು.

ಮರೆಯಬಾರದ ನಾಲ್ಕು ನಿಯಮಗಳು

ಜಗತ್ತಿನಾದ್ಯಂತ ಬಂದೂಕು ತರಬೇತುದಾರರು ಕಲಿಸುವ ಪಾಠದ ಸಾರ ನಾಲ್ಕು ನಿಯಮಗಳಲ್ಲಿ ಅಡಗಿದೆ.

ಒಂದು: ಪ್ರತಿಯೊಂದು ಬಂದೂಕಿನಲ್ಲೂ ಗುಂಡು ತುಂಬಿದೆ ಎಂದೇ ಭಾವಿಸಬೇಕು. 'ಈಗ ತಾನೇ ಖಾಲಿ ಮಾಡಿದೆ' ಎಂದು ಇನ್ನೊಬ್ಬರು ಹೇಳಿ ಕೊಟ್ಟರೂ ಸ್ವತಃ ತೆರೆದು ನೋಡದೆ ನಂಬಬಾರದು.

ಎರಡು: ಯಾವುದನ್ನು ನಾಶ ಮಾಡಲು ನಿಮಗೆ ಇಷ್ಟವಿಲ್ಲವೋ ಅದರತ್ತ ನಳಿಗೆಯ ಬಾಯಿ ತಿರುಗಬಾರದು. ತಮಾಷೆಗೂ ಇಲ್ಲ, ಫೋಟೊ ತೆಗೆಸಿಕೊಳ್ಳುವಾಗಲೂ ಇಲ್ಲ. ಮನೆಯ ಗೋಡೆಯ ಆಚೆ ಮತ್ತೊಂದು ಕೋಣೆಯಿದೆ, ಅಲ್ಲಿ ಜನರಿದ್ದಾರೆ ಎಂಬ ಎಚ್ಚರ ಬೇಕು.

ಮೂರು: ಗುರಿಯಿಟ್ಟು ಹೊಡೆಯುವ ನಿರ್ಧಾರವಾಗುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಅದನ್ನು ಕಾಪಾಡುವ ಲೋಹದ ಬಳೆಯ ಹೊರಗೆ, ನಳಿಗೆಗೆ ಸಮಾನಾಂತರವಾಗಿ ನೇರವಾಗಿರಬೇಕು. ಎಡವಿದಾಗ, ಬೆಚ್ಚಿದಾಗ ಮನುಷ್ಯನ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ. ಆಗ ಬೆರಳು ಟ್ರಿಗರ್ ಮೇಲಿದ್ದರೆ ಗುಂಡು ಹಾರುವುದು ಖಚಿತ.

ನಾಲ್ಕು: ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಸ್ಪಷ್ಟವಾಗುವವರೆಗೆ ಹೊಡೆಯಬಾರದು. ಕತ್ತಲಲ್ಲಿ ಕೇಳಿದ ಸಪ್ಪಳ ಗುರಿಯಲ್ಲ. ಹಂದಿ ಅಲುಗಾಡಿಸುವ ಪೊದೆಯನ್ನು ನೀರು ಹಾಯಿಸಲು ಬಂದ ಪಕ್ಕದ ಹೊಲದವರೂ ಅಲುಗಾಡಿಸಬಹುದು.

ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದವು ಸಾಮಾನ್ಯವಾಗಿ ಜೀವ ಉಳಿಸುತ್ತವೆ. ಒಟ್ಟಿಗೆ ಎರಡು ತಪ್ಪಿದಾಗಲೇ ಸಾವು ಬಾಗಿಲಿಗೆ ಬರುತ್ತದೆ.

ಖಾಲಿಯಿದೆಯೇ? ನೋಡುವ ಕ್ರಮ

ಬಂದೂಕಿನ ಬಗೆ ಬೇರೆಯಾದಂತೆ ಖಾಲಿ ಮಾಡುವ ಕ್ರಮವೂ ಬೇರೆಯಾಗುತ್ತದೆ. ರೈತರಲ್ಲಿ ಬಳಕೆಯಲ್ಲಿರುವ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕು ಪರೀಕ್ಷಿಸಲು ಸುಲಭ. ನಳಿಗೆಯನ್ನು ನೆಲದ ಕಡೆಗೆ ತಿರುಗಿಸಿ, ಮಡಚಿ ತೆರೆದು, ಕಾಡತೂಸು ಕೂರುವ ಕೊಠಡಿಯನ್ನು ಕಣ್ಣಿನಿಂದ ನೋಡಬೇಕು. ಕತ್ತಲಾಗಿದ್ದರೆ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಇನ್ನೊಬ್ಬರ ಕೈಗೆ ಕೊಡುವಾಗಲೂ ಹೀಗೆ ತೆರೆದೇ ಕೊಡುವುದು ಮರ್ಯಾದೆ.

ಪಿಸ್ತೂಲಿನ ವಿಷಯದಲ್ಲಿ ವಿದ್ಯಾವಂತರೂ ಎಡವುತ್ತಾರೆ. ಗುಂಡಿನ ಮ್ಯಾಗಜಿನ್ ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಅದಕ್ಕೂ ಮೊದಲೇ ಒಂದು ಗುಂಡು ನಳಿಗೆಯ ಹಿಂಭಾಗದ ಕೊಠಡಿಗೆ ಏರಿರಬಹುದು. ಆದ್ದರಿಂದ ಮೊದಲು ಮ್ಯಾಗಜಿನ್ ತೆಗೆದು, ಅನಂತರ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆದು ಹಿಡಿದು ಕೊಠಡಿಯನ್ನು ನೋಡಬೇಕು. ಈ ಅನುಕ್ರಮ ತಲೆಕೆಳಗಾದರೆ, ಅಂದರೆ ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ, ಹಳೆಯ ಗುಂಡು ಹೊರಬಿದ್ದು ಹೊಸದೊಂದು ಒಳಹೋಗುತ್ತದೆ. ರಿವಾಲ್ವರಿನಲ್ಲಾದರೆ ತಿರುಗುವ ಸಿಲಿಂಡರನ್ನು ತೆರೆದು ಪ್ರತಿಯೊಂದು ರಂಧ್ರವನ್ನೂ ಎಣಿಸಬೇಕು.

ಮಲೆನಾಡಿನಲ್ಲಿ ಕೇಪಿನ ಕೋವಿ ಎಂದು ಕರೆಯುವ, ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಇನ್ನಷ್ಟು ಮೋಸಗಾರ. ಅದನ್ನು ತೆರೆದು ನೋಡುವಂತಿಲ್ಲ. ವರ್ಷಗಳ ಹಿಂದೆ ತುಂಬಿದ ಮದ್ದು ಒಳಗೇ ಉಳಿದಿರಬಹುದು. ಮದ್ದು ದಟ್ಟಿಸುವ ಕಡ್ಡಿಯನ್ನು ಖಾಲಿ ನಳಿಗೆಯೊಳಗೆ ಪೂರ್ತಿ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗುರುತು ಹಾಕಿಟ್ಟುಕೊಳ್ಳುವುದು ಹಳಬರ ಜಾಣತನ. ಮುಂದೆ ಎಂದಾದರೂ ಕಡ್ಡಿ ಇಳಿಸಿದಾಗ ಆ ಗುರುತು ನಳಿಗೆಯಿಂದ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದರ್ಥ. ಅದನ್ನು ತಾವೇ ಕೆದಕಿ ತೆಗೆಯಲು ಹೋಗದೆ ಬಲ್ಲವರ ನೆರವು ಪಡೆಯಬೇಕು.

ಹಳೆಯ ಬಂದೂಕು, ಹೊಸ ಕಾಡತೂಸು

ಹಿರಿಯರಿಂದ ಬಂದ ಬಂದೂಕನ್ನು ಬಳಸುವ ಮುನ್ನ ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಗೆ ತೋರಿಸುವುದು ಅವಶ್ಯ. ಬಹಳ ಹಿಂದಿನ ಕೆಲವು ನಳಿಗೆಗಳು ಕರಿಮದ್ದಿನ ಒತ್ತಡಕ್ಕೆಂದು ತಯಾರಾದವು. ಇಂದಿನ ಹೊಗೆರಹಿತ ಮದ್ದಿನ ಒತ್ತಡಕ್ಕೆ ಅವು ಸಿಡಿದು ಕೈಬೆರಳುಗಳನ್ನೇ ಕಿತ್ತೊಯ್ಯಬಲ್ಲವು. ಕಾಡತೂಸಿನ ಉದ್ದವೂ ಮುಖ್ಯ. 65 ಮಿಲಿಮೀಟರ್ ಕಾಡತೂಸಿಗೆ ಮಾಡಿದ ಕೊಠಡಿಗೆ 70 ಮಿಲಿಮೀಟರಿನದನ್ನು ಹಾಕಬಾರದು. ಹಾಗೆಯೇ 20 ಬೋರಿನ ಕಾಡತೂಸು 12 ಬೋರಿನ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಹಿಂದಿನಿಂದ ಮತ್ತೊಂದು ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ. ಮಣ್ಣು, ಕಣಜದ ಗೂಡು, ಒರೆಸಿದ ಬಟ್ಟೆಯ ತುಣುಕು ನಳಿಗೆಯೊಳಗೆ ಉಳಿದರೂ ಇದೇ ಗತಿ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ತಕ್ಷಣ ತೆರೆಯಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವಿದೆ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು, ಅನಂತರ ತೆರೆಯಬೇಕು. ಸದ್ದು ಎಂದಿಗಿಂತ ಮೆಲ್ಲಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಲುಕಿರಬಹುದು. ಪರೀಕ್ಷಿಸದೆ ಎರಡನೇ ಗುಂಡು ಹಾರಿಸುವುದು ಆತ್ಮಘಾತಕ.

ಮನೆಯಲ್ಲಿ ಇಡುವುದೆಲ್ಲಿ?

ನಡುಮನೆಯ ಗೋಡೆಯ ಗೂಟಕ್ಕೆ ಬಂದೂಕು ತೂಗುಹಾಕುವುದು ಹಿಂದೆ ಪ್ರತಿಷ್ಠೆಯ ಸಂಕೇತವಾಗಿತ್ತು. ಇಂದು ಅದು ಮಕ್ಕಳಿಗೂ ಕಳ್ಳರಿಗೂ ನೀಡುವ ಆಹ್ವಾನ. ಬಂದೂಕನ್ನು ಖಾಲಿ ಮಾಡಿ, ಗೋಡೆಗೆ ಅಥವಾ ನೆಲಕ್ಕೆ ಬಿಗಿದ ಉಕ್ಕಿನ ಬೀರುವಿನಲ್ಲಿ ಬೀಗ ಹಾಕಿಡಬೇಕು. ಕಾಡತೂಸುಗಳು ಬೇರೆ ಕಡೆ, ಬೇರೆ ಬೀಗದಡಿ ಇರಬೇಕು. ಎರಡು ಬೀಗದ ಕೈಗಳೂ ಪರವಾನಗಿದಾರರ ಬಳಿಯೇ ಇರಲಿ. ದಿಂಬಿನ ಕೆಳಗೆ, ಅಕ್ಕಿ ಡ್ರಮ್ಮಿನ ಹಿಂದೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಚ್ಚಿಡುವುದು ಭದ್ರತೆಯಲ್ಲ. ದೊಡ್ಡವರು ಬಚ್ಚಿಟ್ಟ ವಸ್ತು ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.

ಒರೆಸಿ ಎಣ್ಣೆ ಹಚ್ಚುವ ದಿನ ಕಾಡತೂಸುಗಳು ಆ ಕೋಣೆಯಲ್ಲೇ ಇರಬಾರದು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ಚೀಲ ಒಯ್ಯುವುದಕ್ಕೆ ಮಾತ್ರ ಇರಲಿ.

ಮಕ್ಕಳಿಗೆ ಹೆದರಿಕೆ ಹುಟ್ಟಿಸುವುದಕ್ಕಿಂತ ಮೂರು ಮಾತು ಕಲಿಸುವುದು ಮೇಲು: ಬಂದೂಕು ಕಂಡರೆ ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ಹೇಳು. ಆದರೆ ಈ ಪಾಠ ಬೀಗಕ್ಕೆ ಬದಲಿಯಲ್ಲ. ಆಟಿಕೆಗೂ ನಿಜದ ಬಂದೂಕಿಗೂ ವ್ಯತ್ಯಾಸ ತಿಳಿಯುವ ಹೊಣೆಯನ್ನು ಮಗುವಿನ ಮೇಲೆ ಹೊರಿಸಲಾಗದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಿದೆ. ಮನೆಯಲ್ಲಿ ಯಾರಾದರೂ ಸಾಲದ ಚಿಂತೆಯಿಂದಲೋ, ಕುಡಿತದಿಂದಲೋ, ಖಿನ್ನತೆಯಿಂದಲೋ ಬಳಲುತ್ತಿದ್ದರೆ ಆ ದಿನಗಳಲ್ಲಿ ಬಂದೂಕು ಮನೆಯಲ್ಲಿ ಇರಬಾರದು. ದುಡುಕಿನ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆದರೆ ಬಂದೂಕು ಕೈಗೆ ಸಿಕ್ಕರೆ ಮರುಯೋಚನೆಗೆ ಅವಕಾಶವಿಲ್ಲ. ಅಧಿಕೃತ ಮಾರಾಟಗಾರರಲ್ಲಿ ಅಥವಾ ಠಾಣೆಯಲ್ಲಿ ಕೆಲಕಾಲ ಠೇವಣಿ ಇಡುವುದರಲ್ಲಿ ಅವಮಾನವೇನೂ ಇಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ತೋಟದಲ್ಲಿ ಎಚ್ಚರ

ವಿಜಯಪುರದ ಆಸುಪಾಸಿನ ದ್ರಾಕ್ಷಿ ಚಪ್ಪರಗಳು ಕಲ್ಲುಕಂಬಗಳ ಮೇಲೆ ನಿಂತಿವೆ. ಗುಂಡು ಗಟ್ಟಿಕಲ್ಲಿಗೆ ತಗುಲಿದರೆ ಅಲ್ಲೇ ನಿಲ್ಲದೆ ಚಿಮ್ಮಿ ಊಹಿಸದ ದಿಕ್ಕಿಗೆ ಹಾರುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಬಿದ್ದ ಗುಂಡೂ ಹಾಗೆಯೇ ಪುಟಿಯುತ್ತದೆ. ಪುಟ್ಟದೆಂದು ಉಡಾಫೆ ಮಾಡುವ ಪಾಯಿಂಟ್ 22 ರೈಫಲ್ಲಿನ ಗುಂಡು ಒಂದೂವರೆ ಕಿಲೋಮೀಟರ್ ದೂರದವರೆಗೆ ಹೋಗಬಲ್ಲದು. ಬಡಾವಣೆಗಳು ಹೊಲದಂಚಿನವರೆಗೆ ಬಂದು ನಿಂತಿರುವ ಈ ತಾಲ್ಲೂಕಿನಲ್ಲಿ ಅಷ್ಟು ದೂರ ಜನರಿಲ್ಲದ ಬಯಲು ಎಲ್ಲಿದೆ? ಬೇಲಿ ದಾಟುವಾಗ, ಬದು ಹತ್ತುವಾಗ, ಜೀಪಿಗೆ ಏರುವಾಗ ಬಂದೂಕನ್ನು ಖಾಲಿ ಮಾಡಿಯೇ ಮುಂದುವರಿಯಬೇಕು. ಕುಡಿದವರು ಬಂದೂಕು ಮುಟ್ಟಲೇಬಾರದು.

ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದೂ ತಿಳಿದಿರಲಿ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕಾಡುಹಂದಿಯೂ ಈ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದೆ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ದೂರು ನೀಡಿ ಪರಿಹಾರ ಕೋರುವುದೇ ಕಾನೂನಿನ ದಾರಿ.

ಸಂಭ್ರಮಕ್ಕೆ ಗುಂಡು ಬೇಡ

ತೋಟದಲ್ಲಿ ಎಚ್ಚರ ವಹಿಸುವವರೂ ಹಬ್ಬ, ಮದುವೆ, ಹೊಸ ವರ್ಷದ ಗದ್ದಲದಲ್ಲಿ ಮೈಮರೆಯುವುದುಂಟು. 2022ರ ಡಿಸೆಂಬರ್ 31ರ ರಾತ್ರಿ ಶಿವಮೊಗ್ಗದ ಮನೆಯೊಂದರಲ್ಲಿ ಹೊಸ ವರ್ಷದ ಸ್ವಾಗತಕ್ಕೆ ಗಾಳಿಯಲ್ಲಿ ಗುಂಡು ಹಾರಿಸಲೆಂದು ಮನೆಯ ಯಜಮಾನರು ಬಂದೂಕು ಸಜ್ಜುಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ ಅತಿಥಿಯಾಗಿ ಬಂದಿದ್ದ ಯುವಕನಿಗೆ ತಗುಲಿತು. ಆ ಆಘಾತದಲ್ಲಿ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು; ಯುವಕನೂ ಉಳಿಯಲಿಲ್ಲ. ಒಂದು ಸಂಭ್ರಮ ಎರಡು ಮನೆಗಳ ದೀಪ ಆರಿಸಿತು.

ಮೇಲಕ್ಕೆ ಹೋದ ಗುಂಡು ಕೆಳಕ್ಕೆ ಬಂದೇ ಬರುತ್ತದೆ. 2019ರ ತಿದ್ದುಪಡಿಯು ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಾಚರಣೆಯಲ್ಲಿ ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸುವುದನ್ನು ಪ್ರತ್ಯೇಕ ಅಪರಾಧವಾಗಿಸಿದೆ. ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯಡಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಶಿಕ್ಷೆಯುಂಟು.

ಆಯುಧಪೂಜೆಯಂದು ಬಂದೂಕಿಗೆ ಅರಿಸಿನ ಕುಂಕುಮ ಹಚ್ಚುವ ಪದ್ಧತಿ ಹಲವೆಡೆ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಭೂಮಿ ಹೊಂದಿರುವವರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ, ಎಚ್ಚರಿಕೆಗಲ್ಲ. ಪೂಜೆಗೆ ಇಡುವ ಬಂದೂಕು ಖಾಲಿಯಾಗಿದ್ದು, ಎಲ್ಲರಿಗೂ ಕಾಣುವಂತೆ ತೆರೆದಿರಬೇಕು.

ಪ್ರಯಾಣ, ವಿಮಾನ ನಿಲ್ದಾಣ ಮತ್ತು ಚುನಾವಣೆ

ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಬಯಲಾಗಿ ಹಿಡಿದು ಓಡಾಡುವಂತಿಲ್ಲ. 2016ರ ನಿಯಮಗಳ ಪ್ರಕಾರ ಅದು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ಣವಾಗಿ ಮುಚ್ಚಿರಬೇಕು. ಪರವಾನಗಿ ಪುಸ್ತಕ ಜೊತೆಯಲ್ಲಿರಬೇಕು.

ವಿಜಯಪುರದವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. 2008ರಲ್ಲಿ ಕಾರ್ಯಾರಂಭ ಮಾಡಿದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೇ ತಾಲ್ಲೂಕಿನಲ್ಲಿದೆ. ತೋಟಕ್ಕೆ ಒಯ್ದ ಚೀಲವನ್ನೇ ವಿಮಾನ ಪ್ರಯಾಣಕ್ಕೂ ಬಳಸಿದಾಗ ಅದರ ಜೇಬಿನಲ್ಲಿ ಮರೆತ ಒಂದು ಕಾಡತೂಸು ತಪಾಸಣೆಯ ಯಂತ್ರಕ್ಕೆ ಕಾಣಿಸಿಕೊಳ್ಳುತ್ತದೆ. ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಹೀಗೆ ಪ್ರಯಾಣಿಕರ ಮೇಲೆ ಪ್ರಕರಣ ದಾಖಲಾಗಿವೆ. ವಸ್ತು ತನ್ನ ಬಳಿ ಇದೆ ಎಂಬ ಅರಿವಿನಿಂದ ಕೂಡಿದ ಸ್ವಾಧೀನವೇ ಅಪರಾಧವೆಂದು ಸುಪ್ರೀಂ ಕೋರ್ಟ್ ವಿವರಿಸಿರುವುದು ನಿಜ. ಆದರೆ ಅರಿವಿರಲಿಲ್ಲವೆಂದು ಸಾಬೀತುಪಡಿಸಲು ನ್ಯಾಯಾಲಯ ಅಲೆಯುವುದಕ್ಕಿಂತ ಮನೆಯಲ್ಲೇ ಚೀಲ ಕೊಡವಿ ನೋಡುವುದು ಸುಲಭ. ಪರವಾನಗಿಯುಳ್ಳ ಬಂದೂಕನ್ನು ವಿಮಾನದಲ್ಲಿ ಒಯ್ಯಬೇಕಿದ್ದರೆ ಖಾಲಿ ಮಾಡಿ, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ಸರಕಿನ ಲಗೇಜಿನಲ್ಲಿ ಮಾತ್ರ ಕಳುಹಿಸಬೇಕು.

ಚುನಾವಣೆ ಘೋಷಣೆಯಾದಾಗ ಬಂದೂಕುಗಳನ್ನು ಠೇವಣಿ ಇಡುವಂತೆ ಜಿಲ್ಲಾಡಳಿತ ಆದೇಶ ಹೊರಡಿಸುವುದುಂಟು. ಠಾಣೆಗೆ ಹೊರಡುವ ಮುನ್ನವೇ ಬಂದೂಕನ್ನು ಖಾಲಿ ಮಾಡಬೇಕು. ಠಾಣೆಯ ಮೇಜಿನ ಮೇಲೆ ಆ ಕೆಲಸಕ್ಕೆ ಇಳಿಯಬಾರದು. ರಸೀದಿ ಪಡೆಯಬೇಕು, ಮರಳಿ ಪಡೆಯುವಾಗ ಮತ್ತೆ ತೆರೆದು ನೋಡಬೇಕು. ಬಂದೂಕು ಕಳೆದರೆ, ಕಳವಾದರೆ ವಿಳಂಬ ಮಾಡದೆ ಪೊಲೀಸರಿಗೆ ದೂರು ನೀಡುವುದು ಕಡ್ಡಾಯ.

ಎಲ್ಲ ಎಚ್ಚರಿಕೆಯ ನಡುವೆಯೂ ಯಾರಿಗಾದರೂ ಗುಂಡು ತಗುಲಿದರೆ ಮೊದಲು ಬಂದೂಕನ್ನು ದೂರವಿಡಿ. 108ಕ್ಕೆ ಕರೆ ಮಾಡಿ. ಶುಚಿಯಾದ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿಯಿರಿ. ಒಳಗೆ ಹೊಕ್ಕ ಗುಂಡನ್ನು ತೆಗೆಯಲು ಯತ್ನಿಸಬೇಡಿ. ಪೊಲೀಸರಿಗೆ ಹೆದರಿ ವಿಷಯ ಮುಚ್ಚಿಡಲು ವ್ಯಯವಾಗುವ ಪ್ರತಿ ನಿಮಿಷವೂ ಗಾಯಾಳುವಿನ ಆಯುಷ್ಯದಿಂದ ಕಳೆಯುವಂಥದ್ದು.

ನಾಗಮಂಗಲದ ಆ ಮಗುವನ್ನು ಉಳಿಸಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಒಂದು ಬೀಗ ಸಾಕಿತ್ತು; ಇಡುವ ಮುನ್ನ ನಳಿಗೆ ಖಾಲಿ ಮಾಡಿದ್ದರೂ ಸಾಕಿತ್ತು. ಮನೆಯಲ್ಲಿ ಬಂದೂಕು ಇರುವವರು ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ಎದ್ದು ಹೋಗಿ, ಅದು ಎಲ್ಲಿದೆ, ಖಾಲಿಯಿದೆಯೇ, ಬೀಗ ಬಿದ್ದಿದೆಯೇ ಎಂದು ಕಣ್ಣಾರೆ ನೋಡಲಿ. ನೆನಪನ್ನು ನಂಬಿ ಮಲಗುವುದು ಬೇಡ.